ಬಳಿಯದ ಹಳದಿ

ನಿಮ್ಮ ಮೊಬೈಲ್ ಪರದೆಯಲ್ಲಿ ಹಳದಿ ದೀಪ ಒಂದೂ ಇಲ್ಲ. ಇರುವುದು ಕೆಂಪು, ಹಸಿರು, ನೀಲಿ, ಮೂರೇ. ನಿಂಬೆಹಣ್ಣಿನ ಫೋಟೋ ನೋಡುವಾಗ ಅಲ್ಲಿ ಕೆಂಪು ಚುಕ್ಕಿಗಳೂ ಹಸಿರು ಚುಕ್ಕಿಗಳೂ ಅಕ್ಕಪಕ್ಕ ಹೊತ್ತಿಕೊಂಡಿರುತ್ತವೆ. ಅವು ತೀರಾ ಸಣ್ಣವು, ಕಣ್ಣಿಗೆ ಬಿಡಿಸಿ ನೋಡಲು ಆಗುವುದಿಲ್ಲ. ಹಳದಿ ಹುಟ್ಟುವುದು ನಮ್ಮ ತಲೆಯೊಳಗೆ. ಇದನ್ನೆಲ್ಲ ಶಾಲೆಯಲ್ಲಿ ಓದಿ, ಪರೀಕ್ಷೆ ಬರೆದು, ಮರೆತುಬಿಟ್ಟಿರುತ್ತೇವೆ. ವೆನೆಜುವೆಲಾದ ಕಾರ್ಲೋಸ್ ಕ್ರೂಸ್-ದಿಯೆಸ್ ಇಂಥದ್ದೇ ಒಂದು ಎಳೆ ಹಿಡಿದುಕೊಂಡು ಸುಮಾರು ಅರವತ್ತು ವರ್ಷ ಕೆಲಸ ಮಾಡಿದರು. ಬಳಿಯದ ಬಣ್ಣವನ್ನು ಕಾಣಿಸುವುದು, ಅಷ್ಟೇ ಅವರ ಹಟ.

ನಾನಿರುವುದು ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿ. ಇಲ್ಲಿ ವೆನೆಜುವೆಲಾದವರು ಎಷ್ಟು ಜಾಸ್ತಿ ಅಂದರೆ ಊರಿಗೆ ‘ಕೇಟಿಸುವೆಲಾ’ ಎಂದು ಅಡ್ಡಹೆಸರೇ ಬಿದ್ದಿದೆ. 2002ರ ಕೊನೆಯಲ್ಲಿ ಅವರ ದೇಶದ ತೈಲ ಕಂಪನಿಯಲ್ಲಿ ದೊಡ್ಡ ಮುಷ್ಕರ ಆಯಿತು. ಅದಾದ ಮೇಲೆ ಸಾವಿರಾರು ಎಂಜಿನಿಯರುಗಳು, ನೌಕರರು ಕೆಲಸ ಕಳೆದುಕೊಂಡರು. ತೈಲದ ಕೆಲಸ ಗೊತ್ತಿದ್ದವರು ತೈಲದ ಊರಿಗೇ ಬಂದರು. ಅವರ ಅಂಗಡಿಗಳಲ್ಲಿ, ಕಾರಿನ ಸ್ಟಿಕ್ಕರುಗಳಲ್ಲಿ, ಟೀ ಶರ್ಟುಗಳಲ್ಲಿ ಬಣ್ಣದ ಸಣ್ಣ ಸಣ್ಣ ಗೆರೆಗಳ ಒಂದು ವಿನ್ಯಾಸ ಪದೇ ಪದೇ ಕಾಣುತ್ತಿತ್ತು. ಅದು ಯಾರದು ಎಂದು ಹುಡುಕಿಕೊಂಡು ಹೋದಾಗ ಸಿಕ್ಕವರು ಈ ಮನುಷ್ಯ.

ಹುಟ್ಟಿದ್ದು 1923ರ ಆಗಸ್ಟ್ 17ರಂದು, ಕರಾಕಸ್‌ನಲ್ಲಿ. ಅಪ್ಪನಿಗೆ ಸಣ್ಣದೊಂದು ಸೋಡಾ ಕಾರ್ಖಾನೆ ಇತ್ತು. ಬಣ್ಣದ ಪಾನೀಯ ತುಂಬಿದ ಬಾಟಲಿಗಳ ಮೇಲೆ ಬಿಸಿಲು ಬಿದ್ದಾಗ ಹುಡುಗನ ಬಿಳಿ ಅಂಗಿಯ ಮೇಲೆ ಕೆಂಪು ಮೂಡುತ್ತಿತ್ತಂತೆ. ವಯಸ್ಸಾದ ಮೇಲೆ ಅವರೇ ಇದನ್ನು ನೆನೆಸಿಕೊಂಡು ಹೇಳುತ್ತಿದ್ದರು. ಕಲಾವಿದರ ಬಾಲ್ಯದ ಕಥೆಗಳನ್ನು ನಾನು ಸ್ವಲ್ಪ ಅನುಮಾನದಿಂದಲೇ ಕೇಳುತ್ತೇನೆ. ಮುಂದೆ ಆದದ್ದಕ್ಕೆ ಹಿಂದಿನದು ಸರಿಯಾಗಿ ಹೊಂದಿಕೊಂಡುಬಿಟ್ಟಿರುತ್ತದೆ. ಆದರೆ ಈ ಕಥೆ ನನಗೆ ಇಷ್ಟ. ಅಂಗಿಗೆ ಯಾರೂ ಬಣ್ಣ ಹಾಕಿಲ್ಲ, ಆದರೂ ಅಂಗಿ ಕೆಂಪಗಿದೆ. ಅವರ ಕಲೆಯೆಲ್ಲ ಇದರಲ್ಲೇ ಬಂದುಬಿಟ್ಟಿತು, ಅಲ್ವಾ?

1940ರಲ್ಲಿ ಕರಾಕಸ್‌ನ ಕಲಾಶಾಲೆ ಸೇರಿದರು. ಮುಂದೆ ವೆನೆಜುವೆಲಾದ ಆಧುನಿಕ ಕಲೆಯ ದೊಡ್ಡ ಹೆಸರುಗಳಾದ ಹೆಸೂಸ್ ಸೋತೋ, ಅಲೆಹಾಂದ್ರೊ ಒತೇರೊ ಇಬ್ಬರೂ ಅದೇ ಶಾಲೆಯವರು. ಹೊಟ್ಟೆಪಾಡಿಗೆ ಕ್ರೂಸ್-ದಿಯೆಸ್ ಪತ್ರಿಕೆಗಳಿಗೆ ಚಿತ್ರ ಬರೆದರು, ಕಾಮಿಕ್ಸ್ ಬರೆದರು. ಒಂದು ತೈಲ ಕಂಪನಿಯ ಪತ್ರಿಕೆಗೆ ವಿನ್ಯಾಸ ಮಾಡಿದರು. ಆಮೇಲೆ ಮ್ಯಾಕ್‌ಕ್ಯಾನ್-ಎರಿಕ್ಸನ್ ಜಾಹೀರಾತು ಸಂಸ್ಥೆಯಲ್ಲಿ ಕಲಾ ನಿರ್ದೇಶಕರಾದರು. ಅವರ ಬಗ್ಗೆ ಬರೆಯುವವರು ಈ ವರ್ಷಗಳನ್ನು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಇದೇ ಮುಖ್ಯ ಅನ್ನಿಸುತ್ತದೆ. ಪ್ರಿಂಟಿಂಗ್ ಪ್ರೆಸ್ಸಿನ ಕೆಲಸ ಗೊತ್ತಿದ್ದವರಿಗೆ ಬಣ್ಣ ಎಂದರೆ ನಾಲ್ಕು ಶಾಯಿಗಳ ಚುಕ್ಕಿಗಳ ಲೆಕ್ಕ. ದೂರದಿಂದ ಗಲ್ಲದ ಬಣ್ಣವಾಗಿ ಕಾಣುವುದನ್ನು ಭೂತಗನ್ನಡಿ ಹಿಡಿದು ನೋಡಿದರೆ ಚುಕ್ಕಿಗಳು ಮಾತ್ರ. ಗುರುಗಳಿಂದ ಕಲಿಯುವುದಕ್ಕಿಂತ ಜಾಸ್ತಿ ಅವರು ಪ್ರೆಸ್ಸಿನಲ್ಲಿ ಕಲಿತಿರಬೇಕು ಎಂಬುದು ನನ್ನ ಊಹೆ.

ಆಗ ಅವರು ಬರೆಯುತ್ತಿದ್ದ ಚಿತ್ರಗಳೇ ಬೇರೆ. ಕರಾಕಸ್‌ನ ಗುಡ್ಡಗಳ ಮೇಲಿನ ಗುಡಿಸಲು, ಬಡವರು, ಮಕ್ಕಳು. ಬಡತನವನ್ನು ತೋರಿಸಿದರೆ ಏನಾದರೂ ಬದಲಾಗಬಹುದು ಎಂಬ ನಂಬಿಕೆ. ಬದಲಾಗಲಿಲ್ಲ. ಬಡವರ ಚಿತ್ರ ಹೋಗಿ ನೇತುಬೀಳುವುದು ಉಳ್ಳವರ ಹಜಾರದಲ್ಲಿ ಎಂಬುದು ಬೇಗ ಗೊತ್ತಾಯಿತು. ಇಲ್ಲಿ ಬೇರೆಯವರಾಗಿದ್ದರೆ ಒಂದೋ ಸಿನಿಕರಾಗುತ್ತಿದ್ದರು, ಇಲ್ಲ ಇನ್ನೂ ಗಟ್ಟಿಯಾಗಿ ಕೂಗುತ್ತಿದ್ದರು. ಇವರು ಬೇರೆ ಪ್ರಶ್ನೆ ಕೇಳಿಕೊಂಡರು. ನೋಡುವವನು ಸುಮ್ನೆ ನಿಂತು ನೋಡುವುದೇ ತಪ್ಪಿರಬಹುದಾ? 1954ರಲ್ಲಿ ಬೀದಿ ಗೋಡೆಗಳಿಗೆಂದು ಕೆಲವು ನಮೂನೆಗಳನ್ನು ಮಾಡಿದರು. ಅದರಲ್ಲಿ ಬಣ್ಣದ ತುಂಡುಗಳನ್ನು ದಾರಿಹೋಕರೇ ಕೈಯಿಂದ ಆಚೀಚೆ ಮಾಡಬಹುದಿತ್ತು. ಬಡವರ ಚಿತ್ರ ಬಿಟ್ಟು, ಬಡವರೂ ಮುಟ್ಟಬಹುದಾದ ಗೋಡೆಯ ಕಡೆಗೆ ಬಂದದ್ದು ಹೀಗೆ.

1955ರಲ್ಲಿ ಸ್ಪೇನ್‌ಗೆ ಹೋದರು. ಬಾರ್ಸಿಲೋನಾ ಹತ್ತಿರ ಮನೆ ಮಾಡಿ, ಆಗಾಗ ಪ್ಯಾರಿಸ್‌ಗೆ ಹೋಗಿಬರುತ್ತಿದ್ದರು. ಅದೇ ವರ್ಷ ಪ್ಯಾರಿಸ್‌ನ ಡೆನಿಸ್ ರೆನೆ ಗ್ಯಾಲರಿಯಲ್ಲಿ ‘ಚಲನೆ’ ಎಂಬ ಹೆಸರಿನಲ್ಲೇ ಒಂದು ಪ್ರದರ್ಶನ ನಡೆದಿತ್ತು. ಕಾಲ್ಡರ್, ದುಶಾಂ, ತಾಂಗ್ಲಿ, ವಾಸರೆಲಿ ಜೊತೆಗೆ ಹಳೆಯ ಗೆಳೆಯ ಸೋತೋ ಕೂಡ ಅದರಲ್ಲಿದ್ದರು. ಅಲುಗುವ ಕಲೆ, ಅಂದರೆ ಕೈನೆಟಿಕ್ ಕಲೆ, ಒಂದು ಚಳವಳಿಯ ರೂಪ ಪಡೆದದ್ದು ಆ ಪ್ರದರ್ಶನದಿಂದ ಎಂದು ಹೇಳುವುದು ವಾಡಿಕೆ. ಸೋತೋ ಆಗ ಪ್ಯಾರಿಸ್‌ನ ಬಾರ್‌ಗಳಲ್ಲಿ ಗಿಟಾರ್ ನುಡಿಸಿ ಬಾಡಿಗೆ ಕಟ್ಟುತ್ತಿದ್ದರು. ಕ್ರೂಸ್-ದಿಯೆಸ್ ಹೆಂಡತಿ ಮಕ್ಕಳಿದ್ದವರು. 1957ರಲ್ಲಿ ಕರಾಕಸ್‌ಗೆ ವಾಪಸ್ ಬಂದು ವಿನ್ಯಾಸದ ಸ್ಟುಡಿಯೋ ತೆರೆದರು, ಪಾಠ ಮಾಡಿದರು.

ಅವರು ಹುಡುಕುತ್ತಿದ್ದದ್ದು ಸಿಕ್ಕಿದ್ದು 1959ರಲ್ಲಿ, 36ನೇ ವಯಸ್ಸಿನಲ್ಲಿ. ಅದಕ್ಕೆ ಅವರಿಟ್ಟ ಹೆಸರು ‘ಫಿಸಿಕ್ರೋಮಿ’. ಹೆಸರು ಕೇಳಿ ಗಾಬರಿ ಬೇಡ, ಮಾಡುವ ಬಗೆ ಸರಳ. ಒಂದು ಹಲಗೆ. ಅದರ ಮೇಲೆ ಬಣ್ಣದ ಕಿರಿದಾದ ಉದ್ದುದ್ದ ಗೆರೆಗಳು. ಗೆರೆಗಳ ನಡುನಡುವೆ ತೆಳುವಾದ ಪಟ್ಟಿಗಳನ್ನು ಅಂಚಿನ ಮೇಲೆ ನಿಲ್ಲಿಸುವುದು, ಪುಸ್ತಕದ ಹಾಳೆಗಳು ನಮ್ಮ ಕಡೆ ಮುಖ ಮಾಡಿ ನಿಂತ ಹಾಗೆ. ಮೊದಮೊದಲು ರಟ್ಟಿನ ಪಟ್ಟಿ, ಆಮೇಲೆ ಪ್ಲಾಸ್ಟಿಕ್, ಅಲ್ಯೂಮಿನಿಯಂ. ಪಟ್ಟಿಯ ಎಡಮೈಗೆ ಒಂದು ಬಣ್ಣ, ಬಲಮೈಗೆ ಇನ್ನೊಂದು. ಎಡದಿಂದ ನೋಡಿದರೆ ಪಟ್ಟಿಗಳ ಎಡಮೈ ಕಾಣುತ್ತದೆ, ಹಿಂದಿನ ಗೆರೆಗಳು ಮುಚ್ಚಿಹೋಗುತ್ತವೆ. ಎದುರು ನಿಂತರೆ ಹಿಂದಿನ ಗೆರೆಗಳು ತೆರೆದುಕೊಳ್ಳುತ್ತವೆ. ಇದರ ಮೇಲೆ ಇನ್ನೂ ಒಂದು ಆಟ ಇದೆ. ಪಟ್ಟಿಯ ಮೈಗೆ ಬಿದ್ದ ಬೆಳಕು ಪಕ್ಕದ ಗೆರೆಯ ಮೇಲೆ ಹಾರಿ ತನ್ನ ಬಣ್ಣವನ್ನು ಅಲ್ಲಿ ಸ್ವಲ್ಪ ಸವರುತ್ತದೆ. ಹೀಗೆ ಕೆಂಪು, ಹಸಿರು ಮಾತ್ರ ಬಳಿದ ಜಾಗದಲ್ಲಿ ಹಳದಿಯ ಒಂದು ಮಬ್ಬು ಕಾಣಿಸಿಕೊಳ್ಳುತ್ತದೆ. ಹತ್ತಿರ ಹೋಗಿ ನೋಡಿ, ಇಲ್ಲ. ಹಿಂದೆ ಬನ್ನಿ, ಇದೆ.

ನಮ್ಮ ಕಡೆ ಡಬಲ್ ಶೇಡ್ ರೇಷ್ಮೆ ಸೀರೆ ಉಟ್ಟವರನ್ನು ನೆನೆಸಿಕೊಳ್ಳಿ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು. ಅಮ್ಮ ಮದುವೆಮನೆಯಲ್ಲಿ ಆ ಕಡೆ ತಿರುಗಿದರೆ ಸೀರೆ ನೇರಳೆ, ಈ ಕಡೆ ತಿರುಗಿದರೆ ಹಸಿರು. ಅಲ್ಲಿ ಸೀರೆ ಉಟ್ಟವರು ತಿರುಗಬೇಕು, ಇಲ್ಲಿ ನೋಡುವವರು ನಡೆಯಬೇಕು. ಕೈನೆಟಿಕ್ ಕಲೆ ಎಂದ ಕೂಡಲೇ ಮೋಟರು, ಚಕ್ರ, ಗಾಳಿಗೆ ತೂಗುವ ತಗಡು ನೆನಪಾಗುತ್ತದಲ್ಲ, ಇವರ ಕೆಲಸದಲ್ಲಿ ಹೆಚ್ಚಿನ ಕಡೆ ಅದು ಯಾವುದೂ ಇಲ್ಲ. ಮೋಟರು ನಮ್ಮ ಕಾಲೇ.

1960ರಲ್ಲಿ ಸಂಸಾರ ಸಮೇತ ಪ್ಯಾರಿಸ್‌ಗೆ ಹೋದರು. ಸಾಯುವವರೆಗೂ ಅದೇ ಊರು. ಒಂದು ಹಳೇ ಮಾಂಸದ ಅಂಗಡಿಯನ್ನು ಹಿಡಿದು ಅದನ್ನೇ ಕಾರ್ಯಾಗಾರ ಮಾಡಿಕೊಂಡರು. ಹೆಂಡತಿ, ಮಕ್ಕಳು, ಆಮೇಲೆ ಮೊಮ್ಮಕ್ಕಳವರೆಗೆ ಎಲ್ಲರೂ ಸೇರಿ ಮಾಡುವ ಕೆಲಸ ಅದು. ಪಟ್ಟಿ ಕತ್ತರಿಸಲು, ಗೆರೆ ಎಳೆಯಲು ಬೇಕಾದ ಯಂತ್ರಗಳನ್ನೂ ಅವರೇ ಕಟ್ಟಿಕೊಂಡರು. ಗೆರೆ ಕೂದಲಿನಷ್ಟು ತಪ್ಪಿದರೂ ಹಳದಿ ಹುಟ್ಟುವುದಿಲ್ಲ. ಹಾಗಾಗಿ ಇಲ್ಲಿ ಕುಂಚದ ಬೀಸು, ಆವೇಶ, ಅರ್ಧರಾತ್ರಿಯ ಸ್ಫೂರ್ತಿ ಇವಕ್ಕೆ ಜಾಗ ಇಲ್ಲ. ಅಳತೆ ಸರಿಯಿರಬೇಕು. ಪ್ರೆಸ್ಸಿನವನ ಶಿಸ್ತು ಮತ್ತೆ ಬಂತು ನೋಡಿ.

ಮನ್ನಣೆ ಬೇಗ ಬಂತು. 1965ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನ ಹೆಸರಾಂತ ಪ್ರದರ್ಶನದಲ್ಲಿ ಜಾಗ, 1967ರ ಸಾವೊ ಪಾಲೊ ಬಿಯೆನಾಲೆಯಲ್ಲಿ, ಅಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾಮೇಳದಲ್ಲಿ, ಬಹುಮಾನ, 1970ರ ವೆನಿಸ್ ಬಿಯೆನಾಲೆಯಲ್ಲಿ ವೆನೆಜುವೆಲಾದ ಪ್ರತಿನಿಧಿ. ಈ ಪಟ್ಟಿ ಇಲ್ಲಿಗೆ ಸಾಕು. ಇದಕ್ಕಿಂತ ನನಗೆ ಕುತೂಹಲ ಇರುವುದು 1969ರಲ್ಲಿ ಪ್ಯಾರಿಸ್‌ನ ಓಡಿಯೋನ್ ಮೆಟ್ರೋ ಬಾಗಿಲ ಹತ್ತಿರ ಅವರು ನಿಲ್ಲಿಸಿದ ಬಣ್ಣದ ಗೂಡುಗಳ ಬಗ್ಗೆ. ಆಫೀಸಿಗೆ ಹೊರಟವರು ಮೆಟ್ರೋದಿಂದ ಮೇಲೆ ಬಂದು ಆ ಗೂಡುಗಳೊಳಗೆ ಹಾದು ಹೋಗಬಹುದಿತ್ತು. ಮ್ಯೂಸಿಯಂ ಟಿಕೆಟ್ ಬೇಡ, ಕಲೆಯ ಇತಿಹಾಸ ಗೊತ್ತಿರಬೇಕಿಲ್ಲ. 1954ರ ಬೀದಿ ಗೋಡೆಯ ಆಸೆ ಹದಿನೈದು ವರ್ಷದ ಮೇಲೆ ಬೀದಿಗೆ ಬಂದಿತ್ತು.

ಅದರ ತಮ್ಮನಂಥ ಒಂದು ಕೆಲಸ ಹ್ಯೂಸ್ಟನ್‌ನ ಕಲಾ ಮ್ಯೂಸಿಯಂನಲ್ಲಿದೆ. ಕಟ್ಟಡದಿಂದ ಕಟ್ಟಡಕ್ಕೆ ಹೋಗುವ ನೆಲದಡಿಯ ಹಾದಿಯನ್ನೇ ಬಣ್ಣದ ಬೆಳಕಿನಿಂದ ತುಂಬಿದ್ದಾರೆ. ‘ಕ್ರೋಮೋಸ್ಯಾಚುರೇಶನ್’ ಎಂದು ಹೆಸರು. 1965ರಿಂದ ಬೇರೆ ಬೇರೆ ಊರುಗಳಲ್ಲಿ ಇದನ್ನು ಅವರು ಮಾಡುತ್ತಲೇ ಬಂದರು. ನಾನು ಹೋದಾಗ ಬಿಳಿ ಅಂಗಿ ಹಾಕಿದ್ದೆ, ಒಳ್ಳೆಯದೇ ಆಯಿತು. ಕೆಂಪು ಭಾಗದಲ್ಲಿ ನಿಂತ ಕೂಡಲೇ ಕೈ, ಅಂಗಿ, ಪಕ್ಕದವರ ಮುಖ ಎಲ್ಲ ಕೆಂಪು. ಒಂದೆರಡು ನಿಮಿಷ ಅಲ್ಲೇ ನಿಂತೆ. ಕೆಂಪು ಮೆಲ್ಲಗೆ ಸೋರಿಹೋಗಲು ಶುರುವಾಯಿತು. ಅಂಗಿ ಮತ್ತೆ ಬೆಳ್ಳಗಾಗುತ್ತಿರುವ ಹಾಗೆ ಕಂಡಿತು. ದೀಪ ಯಾರೂ ಮುಟ್ಟಿರಲಿಲ್ಲ. ಕಣ್ಣಿಗೆ ಒಂದೇ ಬಣ್ಣ ಬಡಿಯುತ್ತಿದ್ದರೆ ಅದನ್ನು ಹಿಡಿಯುವ ಜೀವಕೋಶಗಳು ದಣಿಯುತ್ತವೆ, ಅದನ್ನೇ ಮಾಮೂಲು ಎಂದುಕೊಂಡುಬಿಡುತ್ತವೆ. ಆಗ ಹಸಿರು ಭಾಗಕ್ಕೆ ಕಾಲಿಟ್ಟರೆ ಆ ಹಸಿರು ಹೊಡೆಯುತ್ತದೆ. ಅಷ್ಟು ಹಸಿರಾದ ಹಸಿರನ್ನು ನಾನು ಮಳೆಗಾಲದ ಗದ್ದೆಯಲ್ಲೂ ಕಂಡಿರಲಿಲ್ಲ. ಒಂದು ಪುಟ್ಟ ಹುಡುಗಿ ಗಡಿಯ ಮೇಲೆ ಒಂದು ಕಾಲು ಆ ಕಡೆ, ಒಂದು ಕಾಲು ಈ ಕಡೆ ಇಟ್ಟು ನಿಂತು, ಎರಡೂ ಕೈ ನೋಡಿಕೊಂಡು ಜೋರಾಗಿ ನಗುತ್ತಿದ್ದಳು. ಕಲಾ ವಿಮರ್ಶೆ ಓದಿ ನಾನು ತಿಳಿದದ್ದು ಅವಳಿಗೆ ಆಗಲೇ ಗೊತ್ತಾಗಿತ್ತು.

ಎಲ್ಲವೂ ನನಗೆ ಇಷ್ಟ ಎಂದು ಹೇಳಲಾರೆ. 80ರ ದಶಕದ ನಂತರದ ಎಷ್ಟೋ ಕೆಲಸಗಳು ಬ್ಯಾಂಕಿನ ಹಜಾರಕ್ಕೆ ಹೇಳಿ ಮಾಡಿಸಿದಂತಿವೆ. ಒಂದು ನೋಡಿದರೆ ಹತ್ತು ನೋಡಿದ ಹಾಗೆ. ಎಂಟು ಬಗೆಯ ಪ್ರಯೋಗ ಎಂದು ಅವರೇ ವಿಂಗಡಿಸಿಕೊಂಡಿದ್ದರು. ಜೀವನ ಪೂರ್ತಿ ಆ ಎಂಟನ್ನೇ ಮತ್ತೆ ಮತ್ತೆ ತಿರುವಿಹಾಕಿದರು. ಇದನ್ನು ನಿಷ್ಠೆ ಎಂದರೂ ಸರಿ, ಮೊಂಡುತನ ಎಂದರೂ ಸರಿ.

ಇನ್ನು ದುಡ್ಡಿನ ಮಾತು. 1973-74ರಲ್ಲಿ ಕಚ್ಚಾತೈಲದ ಬೆಲೆ ಒಂದಕ್ಕೆ ನಾಲ್ಕಾಯಿತು. ವೆನೆಜುವೆಲಾದಲ್ಲಿ ದುಡ್ಡು ಹರಿಯಿತು. 1976ರ ಜನವರಿ 1ರಂದು ತೈಲವನ್ನು ರಾಷ್ಟ್ರೀಕರಣ ಮಾಡಿದರು. ಅದೇ ವರ್ಷ ಪ್ಯಾರಿಸ್‌ನಿಂದ ಕರಾಕಸ್‌ಗೆ ಶಬ್ದಕ್ಕಿಂತ ವೇಗದ ಕಾಂಕಾರ್ಡ್ ವಿಮಾನ ಹಾರಲು ಶುರುವಾಯಿತು. ದೇಶ ನಾಳೆಯೇ ಪ್ಯಾರಿಸ್ ಆಗಿಬಿಡುತ್ತದೆ ಎಂಬ ಹುಮ್ಮಸ್ಸು. ಆ ನಾಳೆಗೆ ಒಂದು ಬಣ್ಣ ಬೇಕಿತ್ತು, ಕ್ರೂಸ್-ದಿಯೆಸ್ ಸಿಕ್ಕರು. ಕರೋನಿ ನದಿಯ ‘ಗುರಿ’ ಎಂಬ ದೈತ್ಯ ಅಣೆಕಟ್ಟಿನ ಯಂತ್ರಗಳ ಕೋಣೆಗಳಿಗೆ ಅವರ ಬಣ್ಣ. ಲಾ ಗ್ವೈರಾ ಬಂದರಿನ ಧಾನ್ಯದ ಕಣಜಗಳಿಗೆ ಅವರ ಗೆರೆ. ಕರಾಕಸ್ ನಡುವೆ ಹರಿಯುವ ಕೊಳಕು ಗ್ವೈರೆ ನದಿಯ ತಡೆಗೋಡೆಗೂ ಅವರದ್ದೇ. ಅರ್ಜೆಂಟೀನಾ ಮೂಲದ ವಿಮರ್ಶಕಿ ಮಾರ್ತಾ ತ್ರಾಬಾ ಆಗಲೇ ಇದನ್ನು ಕಟುವಾಗಿ ಬೈದರು. ಕೈನೆಟಿಕ್ ಕಲೆ ತೈಲದ ದುಡ್ಡಿನ ದೇಶಕ್ಕೆ ಹೊಳಪು ಹಚ್ಚುತ್ತಿದೆ, ಜನರ ನಿಜವಾದ ಬದುಕಿಗೂ ಅದಕ್ಕೂ ಸಂಬಂಧ ಇಲ್ಲ ಎಂಬುದು ಅವರ ವಾದದ ಸಾರ. ನನಗೆ ಅವರ ಮಾತು ಅರ್ಧ ಸರಿ ಅನ್ನಿಸುತ್ತದೆ. ಗುಡಿಸಲಿನ ಚಿತ್ರ ಬಿಟ್ಟು ಬಂದ ಮನುಷ್ಯ ಕೊನೆಗೆ ಸರ್ಕಾರದ ಕಾಂಕ್ರೀಟಿಗೆ ಬಣ್ಣ ಕಟ್ಟಿದರು ಎಂಬುದು ಸುಳ್ಳಲ್ಲ. ಆದರೆ ಕಾಂಕ್ರೀಟು ಹೇಗಿದ್ದರೂ ಏಳುತ್ತಿತ್ತು. ಅದರ ಮುಂದೆ ದಿನಾ ಓಡಾಡುವ ಬಸ್ಸಿನ ಜನಕ್ಕೆ ಬೂದು ಗೋಡೆಗಿಂತ ಇದು ವಾಸಿ.

ಆ ಕಾಲದ ಕೆಲಸಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಮೈಕೆತಿಯಾದಲ್ಲಿದೆ. ಕರಾಕಸ್‌ನ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಇರುವುದು ಅಲ್ಲಿ, ಸಮುದ್ರದ ಪಕ್ಕ. 1974ರಿಂದ 78ರವರೆಗೆ ಅದರ ದೊಡ್ಡ ಹಜಾರದ ನೆಲ, ಗೋಡೆಗಳನ್ನು ಅವರು ರೂಪಿಸಿದರು. ನೆಲವೇ ಸುಮಾರು 2,600 ಚದರ ಮೀಟರ್. ಸಣ್ಣ ಸಣ್ಣ ಬಣ್ಣದ ಟೈಲ್‌ಗಳ ಗೆರೆಗಳು, ಒಂದರ ಪಕ್ಕ ಒಂದು, ಹಜಾರದ ಉದ್ದಕ್ಕೂ. ಬಣ್ಣ ಪಕ್ಕದ ಬಣ್ಣಕ್ಕೆ ತಾಗಿದ ಕಡೆ ಮೂರನೆಯದೊಂದು ಕಾಣುತ್ತದೆ. ಟ್ರಾಲಿ ತಳ್ಳಿಕೊಂಡು ಹೋಗುವವನ ಕಾಲಡಿಯಲ್ಲಿ ನೆಲ ಬಣ್ಣ ಬದಲಿಸುತ್ತಾ ಹೋಗುತ್ತದೆ. ಬೀದಿಯವರು ಮುಟ್ಟಬಹುದಾದ ಕಲೆ ಬೇಕು ಅಂದಿದ್ದರಲ್ಲ, ಇದನ್ನು ತುಳಿಯಲೇಬೇಕು.

ಆಮೇಲೆ ಆದದ್ದು ಯಾರ ನಕ್ಷೆಯಲ್ಲೂ ಇರಲಿಲ್ಲ. ತೈಲ ಬಿತ್ತು, ರಾಜಕೀಯ ಹದಗೆಟ್ಟಿತು, ಹಣಕ್ಕೆ ಬೆಲೆ ಇಲ್ಲದಾಯಿತು, ಔಷಧಿ ಸಿಗದಾಯಿತು. 70 ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟರು. ವಿಮಾನದಲ್ಲಿ ಹೊರಟವರು ಆ ನೆಲದ ಮೇಲೆ ನಿಂತು, ತಮ್ಮ ಪಾದಗಳ ಫೋಟೋ ತೆಗೆದು ಹಾಕಲು ಶುರುಮಾಡಿದರು. ಎರಡು ಶೂ, ಪಕ್ಕದಲ್ಲಿ ಸೂಟ್‌ಕೇಸಿನ ಚಕ್ರ, ಕೆಳಗೆ ಬಣ್ಣದ ಗೆರೆ. ಮುಖ ಇಲ್ಲ. ಒಬ್ಬರನ್ನು ನೋಡಿ ಒಬ್ಬರು, ಹೀಗೆ ಸಾವಿರಾರು. ಕೆಲವರು ಸಡಿಲವಾದ ಟೈಲ್ ಚೂರುಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡೂ ಹೋದರು.

ಇದರಲ್ಲೊಂದು ವಿಚಿತ್ರ ಇದೆ. ತಮ್ಮ ಬಣ್ಣಕ್ಕೆ ಕಥೆ ಬೇಡ ಎಂದು ಕ್ರೂಸ್-ದಿಯೆಸ್ ಜೀವನವಿಡೀ ಹೇಳುತ್ತಾ ಬಂದರು. ಅದಕ್ಕೆ ಹಿಂದಿಲ್ಲ, ಮುಂದಿಲ್ಲ, ನೀವು ನೋಡುತ್ತಿರುವ ಈ ಕ್ಷಣದಲ್ಲಿ ಆಗುತ್ತಿರುವುದಷ್ಟೇ ನಿಜ ಎಂಬುದು ಅವರ ನಿಲುವು. ಕೆಂಪು ಎಂದರೆ ರಕ್ತ, ಹಸಿರು ಎಂದರೆ ಕಾಡು ಎಂಬಂಥ ಮಾತು ಅವರಿಗೆ ಆಗದು. ಅಂಥವರ ನೆಲದ ಮೇಲೆ ಒಂದು ದೇಶದ ಜನ ತಮ್ಮ ಕಥೆಯೆಲ್ಲ ತಂದು ಸುರಿದರು. ಈಗ ಆ ಗೆರೆಗಳನ್ನು ಬರೀ ಗೆರೆಗಳಾಗಿ ನೋಡಲು ವೆನೆಜುವೆಲಾದವರಿಗೆ ಆಗುವುದಿಲ್ಲ. ಜೇಬಿನಲ್ಲಿ ಹೋದ ಟೈಲ್ ಚೂರಿನ ವಿಷಯ ಇನ್ನೂ ತಮಾಷೆ. ಒಂದು ಚೂರಿನಲ್ಲಿ ಇರುವುದು ಒಂದೇ ಬಣ್ಣ. ಅವರು ಮಾಡಿದ್ದು ಎರಡು ಬಣ್ಣಗಳ ನಡುವೆ ಆಗುವ ಕೆಲಸ. ಲೆಕ್ಕದ ಪ್ರಕಾರ ಆ ಚೂರಿನಲ್ಲಿ ಕ್ರೂಸ್-ದಿಯೆಸ್ ಇಲ್ಲವೇ ಇಲ್ಲ. ಆದರೆ ಇದನ್ನು ಹೋಗಿ ಚೂರು ಇಟ್ಟುಕೊಂಡವರಿಗೆ ಹೇಳುವ ಧೈರ್ಯ ಯಾರಿಗಿದೆ!

2019ರ ಮಾರ್ಚ್ 7ರಂದು ವೆನೆಜುವೆಲಾದ ಬಹುಪಾಲು ಕತ್ತಲಾಯಿತು. ತೊಂದರೆ ಶುರುವಾದದ್ದು ಅದೇ ಗುರಿ ಅಣೆಕಟ್ಟಿನ ವಿದ್ಯುತ್ ಜಾಲದಲ್ಲಿ. ಹಲವು ದಿನ ಕರೆಂಟಿಲ್ಲ, ನೀರಿಲ್ಲ. ಅದೇ ಜುಲೈ 27ರಂದು ಕ್ರೂಸ್-ದಿಯೆಸ್ ಪ್ಯಾರಿಸ್‌ನಲ್ಲಿ ತೀರಿಕೊಂಡರು. 96 ತುಂಬಲು ಮೂರು ವಾರ ಬಾಕಿ ಇತ್ತು. ಕೊನೆಯವರೆಗೂ ಕೆಲಸ ಬಿಟ್ಟಿರಲಿಲ್ಲ. ಅದರ ಹಿಂದಿನ ವರ್ಷವಷ್ಟೇ ಹ್ಯೂಸ್ಟನ್‌ನ ಹಳೇ ನೀರಿನ ತೊಟ್ಟಿಯಲ್ಲಿ, 221 ಕಂಬಗಳಿರುವ ನೆಲದಡಿಯ ಆ ಕತ್ತಲ ಜಾಗದಲ್ಲಿ, ಪ್ರೊಜೆಕ್ಟರುಗಳಿಂದ ಬಣ್ಣದ ಗೆರೆಗಳನ್ನು ಹರಿಯಬಿಟ್ಟಿದ್ದರು. ಗೆರೆ ಕಂಬದ ಮೇಲೆ, ನೀರಿನ ಮೇಲೆ, ನೋಡಲು ಬಂದವರ ಬಟ್ಟೆಯ ಮೇಲೆ ಎಲ್ಲಾ ಕಡೆ ಓಡುತ್ತಿತ್ತು. ಸೋಡಾ ಬಾಟಲಿಯ ಬಿಸಿಲಿಗೆ ಅಂಗಿ ಒಡ್ಡಿದ್ದ ಹುಡುಗನಿಗೆ ಆಗ 94.

ನಮ್ಮ ಆಫೀಸಿನಲ್ಲಿ ವೆನೆಜುವೆಲಾದ ಮರಕೈಬೋ ಕಡೆಯ ಒಬ್ಬಳಿದ್ದಾಳೆ. ಅವಳ ಫೋನಿನ ಕವರ್ ಮೇಲೆ ಮೈಕೆತಿಯಾ ನೆಲದ್ದೇ ವಿನ್ಯಾಸ. ಇಷ್ಟೆಲ್ಲ ಓದಿಕೊಂಡಿದ್ದೆನಲ್ಲ, ಒಂದು ದಿನ ಕೇಳಿಯೇಬಿಟ್ಟೆ, “ನಿನ್ನ ಪಾದದ ಫೋಟೋ ತೋರಿಸು” ಎಂದು. ಅವಳು ನಕ್ಕಳು.

“ನಾನು ಆ ನೆಲ ನೋಡಿಯೇ ಇಲ್ಲ. ನಾವು ಬಸ್ಸಿನಲ್ಲಿ ಕೊಲಂಬಿಯಾಕ್ಕೆ ಹೋದವರು, ಗಡಿಯಲ್ಲಿ ಬರೀ ಧೂಳು. ವಿಮಾನದ ಟಿಕೆಟ್‌ಗೆ ಯಾರ ಹತ್ತಿರ ದುಡ್ಡಿತ್ತು?”

ಅವಳ ಮಾತು ನಿಜ. ದೇಶ ಬಿಟ್ಟವರಲ್ಲಿ ತುಂಬಾ ಜನ ಹೋದದ್ದು ರಸ್ತೆಯಲ್ಲಿ, ಎಷ್ಟೋ ಮಂದಿ ನಡೆದುಕೊಂಡೇ. ಕೊಲಂಬಿಯಾ ಒಂದರಲ್ಲೇ 25 ಲಕ್ಷಕ್ಕೂ ಹೆಚ್ಚು ಜನ ಸೇರಿದ್ದಾರೆ. ಪಾದದ ಫೋಟೋ ಹಾರಿ ಹೋಗಲು ಆದವರ ಫೋಟೋ. ಮಾರ್ತಾ ತ್ರಾಬಾ ಇದ್ದಿದ್ದರೆ ನಾನು ಹೇಳಲಿಲ್ಲವಾ ಅನ್ನುತ್ತಿದ್ದರೇನೋ.

“ಹಾಗಾದರೆ ಈ ಕವರ್ ಯಾಕೆ ಹಾಕಿದ್ದೀಯಾ?”

ಅವಳು ಫೋನನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. “ಚೆನ್ನಾಗಿ ಕಾಣುತ್ತೆ, ಅದಕ್ಕೆ” ಎಂದು ಮೀಟಿಂಗಿಗೆ ಎದ್ದು ಹೋದಳು.